ಘಮ್ಲಿಬಾಯಿಯ ಉತ್ತರ

ಕೆಲಸ ಸಣ್ಣದು. ಸಂಡೂರಿನಾಚೆ ಮುಚ್ಚಿದ ಗಣಿಯೊಂದರ
ಮಣ್ಣುಗುಡ್ಡೆಯ ಮೇಲೆ ನೆಟ್ಟ ಸಸಿಗಳ ಫೋಟೊ ತೆಗೆಯುವುದು.
ಸಸಿಗೊಂದು ಫೋಟೊ, ಫೋಟೊಗೊಂದು ಅಕ್ಷಾಂಶ, ರೇಖಾಂಶ,
ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿತ್ತೆನ್ನುವ ಲೆಕ್ಕ.
ಇಷ್ಟಿಲ್ಲದ ಚಿತ್ರಕ್ಕೆ ಬಿಲ್ಲಾಗುವುದಿಲ್ಲ
ಎಂದಿದ್ದರು ಆಫೀಸಿನ ಪಂಪಣ್ಣ, ಕಣ್ಣೆತ್ತದೆ.

ದಾರಿ ತೋರಲು ಬಂದವಳು ತಾಂಡಾದ ಘಮ್ಲಿಬಾಯಿ.
ಕಾಲಿಗೆ ಗಂಡಸರ ಬೂಟು, ಲೇಸಿಲ್ಲ.
ಸೊಂಟದಲ್ಲಿ ಕನ್ನಡಿ ಹೊಲಿದ ಸಂಚಿ.

ಸ್ಯಾಟಲೈಟು ಸಿಗುವವರೆಗೆ ನಿಲ್ಲಬೇಕಲ್ಲ, ನಿಂತೆ.
ಪರದೆಯ ಮೂಲೆಯ ಗುರುತು ಮಿಣುಕಿ ಮಿಣುಕಿ
ಗಟ್ಟಿಯಾಯಿತು: ಹದಿನೈದು ಡಿಗ್ರಿ, ನಾಲ್ಕು ನಿಮಿಷ...
'ಏನಂತೈತಿ?'
'ನಾವು ಎಲ್ಲಿದೀವಿ ಅಂತ ಹೇಳ್ತೈತಿ.'
'ಇಷ್ಟೊತ್ತು ಬೇಕಾತೇನು ಅದಕ್ಕ? ಇಲ್ಲೇ ಅದೀವಲ್ಲ.'

ದಿಕ್ಸೂಚಿ ಮಾತ್ರ ಹಟ ಹಿಡಿಯಿತು.
ಸೂರ್ಯ ನನ್ನೆದುರಿಗೇ ಹುಟ್ಟಿ ಮಾರುದ್ದ ಏರಿದ್ದಾನೆ,
ಇದು ಹೇಳುತ್ತದೆ: ನೀನು ನೋಡುತ್ತಿರುವುದು ತೆಂಕಣ.
ಪುಸ್ತಕದಲ್ಲಿ ಹೇಳಿದ ಹಾಗೆ ಕ್ಯಾಮೆರಾ ಹಿಡಿದು
ಗಾಳಿಯಲ್ಲಿ ಎಂಟು ಬರೆದೆ. ಒಮ್ಮೆ, ಮತ್ತೊಮ್ಮೆ.
ಮೂರನೆಯ ಸಲಕ್ಕೆ ಅವಳಿಗೆ ನಗು ತಡೆಯಲಾಗಲಿಲ್ಲ:
'ಯಾರಿಗೆ ದೃಷ್ಟಿ ತೆಗಿತೀಯೋ ತಮ್ಮಾ?
ಉಪ್ಪು ಮೆಣಸಿನಕಾಯಿ ಬ್ಯಾಡೇನು?'

ಕಬ್ಬಿಣದ ಗುಡ್ಡ, ಮುಳ್ಳನ್ನು ಎಳೆಯುತ್ತದೆ
ಎಂದು ಬಲ್ಲವನ ಹಾಗೆ ವಿವರಿಸಿದೆ.
ತಲೆದೂಗಿ ಕೇಳಿದಳು,
ಇದೇ ಗುಡ್ಡವನ್ನು ಒಂಬತ್ತು ವರ್ಷ ಪುಟ್ಟಿಯಲ್ಲಿ ಹೊತ್ತವಳು.

ಹೊಂಗೆ, ಬೇವು, ಸೀತಾಫಲ, ಬರೀ ಕಡ್ಡಿ, ಬೇವು, ಕಡ್ಡಿ.
ಒಣಗಿದ್ದಕ್ಕೂ ಅಕ್ಷಾಂಶ ಚೊಕ್ಕವಾಗಿಯೇ ಬಂತು.
ಪ್ರತಿ ಸಲ ಹಿಂದಿನಿಂದ ನನ್ನ ಹೆಗಲ ಮೇಲೆ ಬಾಗಿ
ಪರದೆ ನೋಡುವಳು, 'ಚಲೋ ಬಿದ್ದೈತಿ' ಎನ್ನುವಳು
ಕಡ್ಡಿಗೂ.

ಮೂವತ್ತಾರು ಮುಗಿದವು. ಎಲೆಯಡಿಕೆಗೆ ಕೂತಳು.
ನಾನು ಹತ್ತು ಹೆಜ್ಜೆ ಮುಂದೆ ಹೋದೆ. ಮುಳ್ಳು ತಿರುಗಿತು,
ಸಂಜೆ ಎಮ್ಮೆ ತನ್ನಷ್ಟಕ್ಕೆ ಕೊಟ್ಟಿಗೆ ಕಡೆ ತಿರುಗುವ ಹಾಗೆ.
ವಾಪಸು ಬಂದೆ: ಕೆಟ್ಟಿತು. ಹೋದೆ: ನೆಟ್ಟಗಾಯಿತು.
'ಬಾಯಿ, ಸಂಚ್ಯಾಗ ಏನೈತಿ?'

ಎಲೆ. ಸುಣ್ಣದ ಡಬ್ಬಿ. ಮೊಮ್ಮಗಳ ಶಾಲೆಯ ಫೋಟೊ.
ಮತ್ತೆ, ಅಂಗೈಯಗಲದ ಸ್ಪೀಕರ್ ಅಯಸ್ಕಾಂತ,
ಮೈತುಂಬ ಕಪ್ಪು ಹುಡಿ ರೋಮದಂತೆ ಎದ್ದು ನಿಂತಿದೆ.
ಅದಿರಿನ ಕಾಲದಲ್ಲಿ ಕಲ್ಲಿನ ಸತ್ವ ನೋಡಲು.
ಈಗ ಹಗ್ಗ ಕಟ್ಟಿ ಲಾರಿ ದಾರಿಯಲ್ಲಿ ಎಳೆದರೆ
ನಟ್ಟು, ಬೋಲ್ಟು, ಮುರಿದ ಪಟ್ಟಿ ಬೆನ್ನು ಹತ್ತುತ್ತವೆ;
ಗುಜರಿಯ ಖಾಜಾಹುಸೇನ ಕಿಲೋಗೆ ಇಪ್ಪತ್ತಾರು ಕೊಡುತ್ತಾನೆ.
'ಕೆಟ್ಟುಹೋತೇನೋ ನಿನ್ನ ಮಿಷನ್ನು?'
'ಇಲ್ಲ ಬಾಯಿ.'

ಮೂವತ್ತೇಳನೆಯದು ಬೇವು. ಆಮೇಲೆ ಅಂಚಿಗೆ ಬಂದು,
ಸಂಚಿ ಕಲ್ಲಿನ ಮೇಲೆ ಬಿಟ್ಟು ಬರಿಗೈಯಲ್ಲಿ,
ಗಣಿಯ ಗುಂಡಿಯ ಮೇಲಿನ ಖಾಲಿ ಗಾಳಿಗೆ ಬೆರಳು ಮಾಡಿದಳು:
'ಅಲ್ಲಿ ನಮ್ ಒಲಿ ಇತ್ತು. ಅದನ್ನೊಂದು ಹೊಡಿ.'

ಹೊಡೆದೆ. ಹದ್ದೊಂದು ಇತ್ತು ಅಲ್ಲಿ,
ಒಲೆ ಇದ್ದಷ್ಟೇ ಎತ್ತರದಲ್ಲಿ ರೆಕ್ಕೆ ಆಡಿಸದೆ.
ಕ್ಯಾಮೆರಾ ಬರೆದುಕೊಂಡದ್ದು ನಾನು ನಿಂತ ಜಾಗ.
ನೋಡಿದ ಜಾಗ ಬರೆಯಲು ಅದರಲ್ಲಿ ಕಾಲಮಿಲ್ಲ.

ರಾತ್ರಿ ಬಳ್ಳಾರಿಯ ರೂಮಿನಲ್ಲಿ ನಕಾಶೆ ತೆರೆದರೆ
ಸ್ವಿಚ್ ಆರಿಸಿದ್ದರೂ ಜಿಪಿಎಸ್ ಮಲಗಿರಲಿಲ್ಲ,
ಬ್ಯಾಟರಿ ತಿನ್ನುತ್ತ ಬಸ್‌ಸ್ಟ್ಯಾಂಡಿನ ಮಿರ್ಚಿ ಬಂಡಿಯವರೆಗೂ
ಗೆರೆ ಎಳೆದುಕೊಂಡು ಬಂದಿತ್ತು.
ಮೇಲೆ ಗುಡ್ಡೆಯಲ್ಲಿ ಮೂವತ್ತಾರು ಬಾಣ, ಎಲ್ಲವೂ ತೆಂಕಣಕ್ಕೆ.
ಅಂದರೆ ಬೆಳಗಿನಿಂದ ನನಗೆ ಉತ್ತರವೆಂದರೆ
ಬೆನ್ನ ಹಿಂದೆ ನಿಂತು ಎಲೆ ಜಗಿಯುತ್ತಿದ್ದವಳು.

ಸಸಿಗಳ ನೆರಳು ನೋಡಿ ಒಂದೊಂದೇ ತಿದ್ದಿದೆ, ಎರಡು ಗಂಟೆಯಾಯಿತು.
ಮೂವತ್ತೆಂಟನೆಯದನ್ನು ತಿದ್ದುವಂತಿರಲಿಲ್ಲ:
ಅಕ್ಷಾಂಶ ಸರಿ, ರೇಖಾಂಶ ಸರಿ, ದಿಕ್ಕು ಈಶಾನ್ಯ, ಸರಿ.
ಹಾಗೇ ಕಳಿಸಿದೆ.

ಬೆಳಿಗ್ಗೆ ಪಂಪಣ್ಣನ ಮೆಸೇಜು:
ಫೋಟೊ ಮೂವತ್ತೆಂಟರಲ್ಲಿ ಸಸಿ ಕಾಣಿಸುತ್ತಿಲ್ಲ.
ಉತ್ತರಿಸಿ.