ಹನ್ನೊಂದನೆಯ ತತ್ತಿ

ಕಾರ್ಖಾನಿಯ ಕನ್ನಡಕ ಕಿಸೆದಾಗ ಇತ್ತು,
ಕೆಂಪು ಗ್ರಾನೈಟಿನ ಚೂರು ಕಣ್ಣಾಗ.
ಇಳಕಲ್ಲಿನ ಮಂದಿ ಮನಿ ಕಟ್ಟೂ ಕಲ್ಲು
ಇವರ ಕರಿಗುಡ್ಡಿ ಮ್ಯಾಲ ಮನಿ ಮಾಡಿತ್ತು.

ಬಾಗಲಕೋಟಿ ದವಾಖಾನಿಯಾಗ ನರ್ಸ್‌ಬಾಯಿ ಕೂಗಿದಳು:
“ಮುದುಕಪ್ಪ ಕಂದಗಲ್ಲ!”
ಮೂವತ್ತೆರಡರ ಗಂಡು ಎದ್ದು ಬಂದದ್ದು ಕಂಡು ನಕ್ಕಳು.
ನಾನೂ ನಕ್ಕೆ. ಹೆಸರು ಹಿಡಿದು ಕರೀದ ನಾನು
ಚೀಟಿ ತೋರಿಸಿ ಪಾರಾಗಿದ್ದೆ.

ಚೂರು ತೆಗೆದರು. ಮೇಲಿನ ಪರಿ ನಾಕು ದಿನಕ್ಕ ಕೂಡಿತು.
ಒಳಗಿಂದೂ ಕೂಡಿತು, ಆದರ ಬೆಳ್ಳಗ.

“ಕರಿಗುಡ್ಡಿ ಮುಂದ ಗಾಜು ಇದ್ದಂಗ ಕಾಣತೈತಲ್ಲ,
ಅದು ಗಾಜಲ್ಲ ಶಂಕ್ರವ್ವ, ಎಳಿ.
ಕೊಲಾಜೆನ್ ಅಂತಾರ” ಅಂದರು ಡಾಕ್ಟರಬಾಯಿ.
ಎಳಿ ಅಂದಮ್ಯಾಲ ನಾನು ಕುರ್ಚಿ ಮುಂದಕ್ಕ ಎಳಕೊಂಡೆ.

ಎಲ್ಲಾ ಎಳಿ ಒಂದ ದಪ್ಪ, ಎಲ್ಲಾ ಸಂದು ಒಂದ ಅಳತಿ.
ಒಂದು ಪದರ ಉದ್ದಕ್ಕ ಮಲಗಿದರ ಮ್ಯಾಲಿಂದು ಅಡ್ಡಕ್ಕ,
ಹಿಂಗ ನೂರಾರು ಕೂಡಿದರೂ ಉಗುರಿನಷ್ಟ ದಪ್ಪ.
ಹೊಕ್ಕಿಲ್ಲ ಅದಕ್ಕ, ಲಾಳಿ ಓಡಾಡೂದಿಲ್ಲ,
ಹಾಸಿನ ಮ್ಯಾಲ ಹಾಸು.
ರಕ್ತ ಒಳಗ ಬರೂಹಂಗಿಲ್ಲ,
ಗಾಳಿ ಉಂಡು ಕಣ್ಣೀರು ಕುಡಿದು ಇರತೈತಿ.
ಅದಕ್ಕ ಬೆಳಕು ಎಲ್ಲೂ ಎಡವದ ದಾಟತೈತಿ.

“ಬಣ್ಣ?”
“ಇಲ್ಲ.”
ಹದಿನಾಕು ವರ್ಷ ದಾಳಿಂಬರ ಕೆಂಪು, ನವಿಲಗರಿ ಹಸಿರು ನೇಯ್ದಾಕಿ ನಾನು,
ಕಾಣದ ಅರಿವಿಗೆ ಕೂಲಿ ಎಷ್ಟಂತ ಕೇಳಬೇಕಂದೆ,
ಕೇಳಲಿಲ್ಲ.

ಗಾಯ ಆದರ ಅಲ್ಲಿನ ನೇಕಾರರು ಗಾಬರಿ ಬೀಳತಾರ
(ಜೀವಕೋಶ ಅಂದರು ಅವರು. ನಾನು ನೇಕಾರರಂದೆ).
ತೂತು ಮುಚ್ಚಿದರ ಸಾಕಂತ ಸಿಕ್ಕ ನೂಲು ತುರುಕತಾರ,
ದಪ್ಪಂದು, ತೆಳುವಂದು, ಅಡ್ಡಾದಿಡ್ಡಿ.
ಅದ ಆ ಬಿಳಿ ಚುಕ್ಕಿ.
ಕೀವಲ್ಲ, ಹೊಲಸಲ್ಲ. ಅವಸರ.
ಹಬ್ಬದ ಮುಂದ ಸಾವಕಾರ ಬಡಕೊಂಡಾಗ
ಸೆರಗಿಗೂ ಒಡಲಿಗೂ ನಾನೂ ಹಂಗ ಕೊಂಡಿ ಹಾಕೀನಿ.

“ಹೋಗತೈತೇನ್ರಿ?”
“ಪೂರ್ತಿ ಹೋಗಲಿಕ್ಕಿಲ್ಲ, ತೆಳುವಾದೀತು. ವರ್ಷಗಟ್ಟಲೆ.
ತಾವ ಹಾಕಿದ ಎಳಿ ತಾವ ಕರಗಿಸಿ ಮತ್ತ ಹಾಕತಾವ.”
ಉಚ್ಚಿ ನೇಯೂದು. ಅದು ಗೊತ್ತೈತಿ ನನಗ.
ಮೊದಲ ನೇಯ್ಗಿಗಿಂತ ನಿಧಾನ, ಅದಕ್ಕ ಯಾರೂ ರೊಕ್ಕ ಕೊಡೂದಿಲ್ಲ.

ತತ್ತಿಯೊಳಗಿನ ಕೋಳಿಮರಿ ನೋಡಿ ಇದನ್ನ ಕಲಿತರಂತ.
ಮೊದಲು ಆ ಕಣ್ಣೂ ಮಬ್ಬು.
ಎಳಿ ಬಿದ್ದು, ಪದರ ಕೂತು, ನೀರು ಹಿಂಡಿ ಹೋದಂಗ
ಹದಿನಾಕನೇ ದಿನದಿಂದ ತಿಳಿ ಆಗತೈತಂತ,
ಕತ್ತಲದಾಗ, ನೋಡೂದೇನೂ ಇಲ್ಲದಲ್ಲಿ.

ನಮ್ಮ ಬೂದಿಕೋಳಿ ಮಗ್ಗದ ಕುಣಿ ಪಕ್ಕದ ಬುಟ್ಟಿಯಾಗ
ಹನ್ನೊಂದು ತತ್ತಿ ಮ್ಯಾಲ ಕಾವು ಕೂತಿತ್ತು.
ಕುಣಿಯಾಗ ಕಾಲಿಟ್ಟು ಹಣಿಗಿ ಬಡಿಯುತ್ತ
ದಿನಾ ಎಣಿಸಿದೆ: ಹದಿನಾರು, ಹದಿನೇಳು.
ಬಡಿತ ಸ್ವಲ್ಪ ಮೆಲ್ಲಗ ಮಾಡಿದೆ.

ಇಪ್ಪತ್ತೆರಡಕ್ಕ ಹತ್ತು ಮರಿ ಚಿಂವ್ ಅಂದವು.
ಹನ್ನೊಂದನೇದು ತಣ್ಣಗ.
ಯಾರಿಗೂ ಹೇಳದ ಹಿತ್ತಲಕ್ಕ ಒಯ್ದು ಒಡೆದೆ.
ತಲಿ ತುಂಬ ಕಣ್ಣ ಇತ್ತು,
ಅಕ್ಕಿ ತೊಳೆದ ನೀರಿನ ಮಬ್ಬು.
ಸತ್ತದ್ದಕ್ಕ ಬಂದದ್ದೋ, ಮುಗೀದ ಉಳಿದ ನೇಯ್ಗಿಯದೋ,
ಕೇಳಲಿಕ್ಕ ಡಾಕ್ಟರಬಾಯಿ ಹತ್ತಿರ ಇರಲಿಲ್ಲ.
ಬೇವಿನ ಬುಡಕ್ಕ ಮಣ್ಣು ಮಾಡಿ ಕೈ ತೊಳಕೊಂಡೆ.
ಎರಡು ಸಲ.

ಸಂಜೀಕ ಔಷಧ ಹಾಕೂ ಹೊತ್ತು,
ಇವರ ತಲಿ ನನ್ನ ತೊಡಿ ಮ್ಯಾಲ.
“ಟ್ಯೂಬಲೈಟಿನ ಸುತ್ತ ಬಳಿ ಕಾಣತೈತಿ ಇನ್ನೂ.
ನಿನ್ನೆಗಿಂತ ಸಣ್ಣದು” ಅಂದರು.
ಬಾಗಿ ನೋಡಿದೆ. ಚುಕ್ಕಿ ನಿನ್ನೆಯಷ್ಟ ಇತ್ತು.
“ಹೌದು” ಅಂದೆ.
ಒಂದು ಹನಿ ಕಣ್ಣಿಗೆ ಬಿತ್ತು,
ಇನ್ನೊಂದು ಕಿವಿಗೆ ಇಳೀತು.
ಅವಸರ ಮಾಡಿದ್ದೆ.