ಮೂರನೆಯ ಅಳತೆ

ಫುಜೈರಾದಲ್ಲಿ ಬೆಳಗಿನ ಜಾವ ನಾಲ್ಕೂಕಾಲು.
ಹದಿನೇಳನೇ ಟ್ಯಾಂಕಿನ ನೆತ್ತಿಗೆ ನೂರಾ ಹನ್ನೆರಡು ಮೆಟ್ಟಿಲು,
ಒಂದೊಂದರ ಲೆಕ್ಕವೂ ಮಂಡಿಗೆ ಗೊತ್ತು.
ಹಿತ್ತಾಳೆಯ ಗುಂಡು ಕಟ್ಟಿದ ಉಕ್ಕಿನ ಟೇಪು
ಕತ್ತಲೊಳಕ್ಕೆ, ಎಣ್ಣೆಯೊಳಕ್ಕೆ ಇಳಿಯುತ್ತದೆ.
ತಳ ಮುಟ್ಟಿದ್ದು ಕಿವಿಗೆ ಕೇಳುವುದಿಲ್ಲ,
ಬೆರಳಿಗೆ ಕೇಳುತ್ತದೆ.

ಅಪ್ಪನೂ ಹೀಗೇ, ಗಂಗೊಳ್ಳಿಯ ಅಳಿವೆಯಾಚೆ
ಸೀಸದ ಗುಂಡು ಬಿಟ್ಟು ಮಾರಿನ ಲೆಕ್ಕದಲ್ಲಿ ಕಡಲನ್ನು ಅಳೆಯುತ್ತಿದ್ದ.
ಗುಂಡಿನ ಬುಡದ ಮೇಣಕ್ಕೆ ಅಂಟಿ ಬಂದ ಕೆಸರು ಮೂಸಿ
ಮೀನಿದೆ, ಇಲ್ಲ, ಎನ್ನುತ್ತಿದ್ದ.
ನಾನು ಮೂಸುವಂತಿಲ್ಲ, ಮೂಗಿಗೆ ರಬ್ಬರು ಬಿಗಿದಿದೆ.
ತುದಿಗೆ ಸವರಿದ ಲೇಪ ಕೆಂಪಾದರೆ ಅಡಿಯಲ್ಲಿ ನೀರು.
ಅಷ್ಟೇ ನನಗೆ ಬರುವ ಭವಿಷ್ಯ.

ಮೂರು ಸಲ ಇಳಿಸಬೇಕು, ಮೂರೂ ಒಂದೇ ಮಾತಾಡಬೇಕು.
ಕೂದಲೆಳೆ ಆಚೀಚೆಯಾದರೆ ಮತ್ತೆ ಮೊದಲಿಂದ.

ಕಿಡಿಯ ಭಯ; ಫೋನು ಕೆಳಗೆ ಪೆಟ್ಟಿಗೆಯಲ್ಲಿದೆ.
ಆದರೂ ನಿನ್ನೆ ರಾತ್ರಿಯ ತಮ್ಮನ ದನಿ ಮೆಟ್ಟಿಲು ಹತ್ತಿ ಬಂದಿದೆ:
"ಈ ತಿಂಗ್ಳ್ ಸೀಮೆಎಣ್ಣಿ ಬರ್ಲೇ ಇಲ್ಲ ಕಾಣ್,
ದೋಣಿ ದಡದ್ ಮೇಲೇ ಬಿದ್ಕಂಡಿತ್.
ನಿನ್ ಕಾಲಡಿಗೆ ಎಷ್ಟಿತ್?"
ಹೇಳಲಿಲ್ಲ. ವಿಮಾನಕ್ಕೆ ಕುಡಿಸುವ ಇದೂ
ಅದೇ ಸೀಮೆಎಣ್ಣೆ, ಇನ್ನಷ್ಟು ಸೋಸಿದ್ದು.
ಹೇಳಿದ್ದರೆ ದಾಮು ನಕ್ಕುಬಿಡುತ್ತಿದ್ದ.

ಲಂಗರು ಹಾಕಿದ ಹಡಗುಗಳ ದೀಪ
ನಿನ್ನೆ ಮೂವತ್ತಾರು, ಇವತ್ತು ಐವತ್ತು ದಾಟಿದೆ.
ಉತ್ತರದಲ್ಲಿ, ಜಲಸಂಧಿಯ ಗಂಟಲಲ್ಲಿ, ಯಾರೋ ಕೆಮ್ಮಿರಬೇಕು.
ವಿಮೆಯವರು ದರ ಏರಿಸಿದ್ದಾರಂತೆ. ಖಲ್ಫಾನ್ ಸಾಹೇಬರು
ಖರ್ಜೂರ ತಿಂದು ಬೀಜ ಉಗುಳುವುದನ್ನೇ ಮರೆತು
ಕೆನ್ನೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ.

ಬೇಲಿಯಾಚೆ, ಹಜರ್ ಬೆಟ್ಟದ ಬುಡದಲ್ಲಿ, ಸೌರ ಹಲಗೆಗಳ ಸಾಲು.
ಪಾಲ್ಪಾದ ಟೀಕಾರಾಮ ಒಣ ಕುಂಚದಲ್ಲಿ ಧೂಳು ಗುಡಿಸುತ್ತಾನೆ.
"ನಿನ್ನದು ಮುಗಿಯುವ ಕೆಲಸ ದಾಜು, ನನ್ನದು ದಿನಾ ಹುಟ್ಟುವುದು,"
ಎಂದು ಹಿಂದಿಯಲ್ಲಿ ರೇಗಿಸುತ್ತಾನೆ.
ಅವನ ಹಲಗೆಯ ಕರೆಂಟಿನಲ್ಲೇ ನನ್ನ ಎಣ್ಣೆಯ ಪಂಪು ತಿರುಗುವುದು.
ಇದಕ್ಕೆ ನಗಬೇಕೋ ಬೇಡವೋ ತಿಳಿಯದೆ
ಇಬ್ಬರೂ ಒಂದೇ ಕುಬೂಸು ಹರಿದು ತಿನ್ನುತ್ತೇವೆ.

ಎರಡು ಅಳತೆ ಒಂದೇ ಹೇಳಿದವು.
ಮೂರನೆಯದು ಎರಡು ಮಿಲಿಮೀಟರ್ ಕಡಿಮೆ.
ಗಾಳಿಯೋ, ನನ್ನ ಕೈಯೋ, ಎಣ್ಣೆಯೇ ಉಸಿರೆಳೆದುಕೊಂಡಿತೋ.
ಇಷ್ಟಗಲದ ಟ್ಯಾಂಕಿನಲ್ಲಿ ಎರಡು ಮಿಲಿಮೀಟರ್ ಅಂದರೆ
ದಾಮುವಿನ ದೋಣಿಗೆ ಇಡೀ ಒಂದು ಹಂಗಾಮು.
ಕಾಗದದಲ್ಲಿ ಅದಕ್ಕೆ ಒಂದು ಖಾನೆಯೂ ಇಲ್ಲ.

ಟೇಪು ಒರೆಸುತ್ತೇನೆ. ಬಟ್ಟೆಗೆ ಅಪ್ಪನ ಲಾಟೀನಿನ ವಾಸನೆ,
ರಬ್ಬರು ದಾಟಿ ಹೇಗೆ ಬಂತೋ.
ಕೆಳಗೆ ಮೊದಲ ಹಲಗೆಗೆ ಬಿಸಿಲು ತಾಗಿತು.
ಮತ್ತೆ ಮೊದಲಿಂದ ಬಿಟ್ಟ ಗುಂಡು
ಇನ್ನೂ ಇಳಿಯುತ್ತಿದೆ.