ಹಳೆಯ ಪಾಳಿ

ಅಪ್ಪ ಕಡಲಿಗೆ ಹೋದ ರಾತ್ರಿಯೇ
ಮೇದಿನಿಯ ಒಸಡು ಬಾತಿತ್ತು.
ಇಪ್ಪತ್ತೊಂದು ದಿನ ರಿಗ್ಗಿನ ಮೇಲೆ,
ಇಪ್ಪತ್ತೊಂದು ದಿನ ಮುಸಫ್ಫಾದ ಈ ಒಂದು ಕೋಣೆಯಲ್ಲಿ:
ಅದು ಅವರ ಪಾಳಿ.
ಹೋದಾಗ ಬಂದ ಜ್ವರಕ್ಕೆ ಪಕ್ಕದ ಮನೆಯ ಝುಲೇಖಾತ್ತೆ
"ಅಪ್ಪನ ಹಂಬಲ" ಎಂದರು.
ಬಂದಾಗ ಬಂದ ಜ್ವರಕ್ಕೆ
"ಅಪ್ಪ ತಂದ ಚಾಕಲೇಟು."
ಎರಡೂ ಸರಿಯೆನಿಸುತ್ತಿತ್ತು.

ಉಪ್ಪುನೀರು, ಲವಂಗದೆಣ್ಣೆ, ಮೆತ್ತನೆ ಬ್ರಷ್ಷು.
ಕುಬ್ಬೂಸಿನ ಅಂಚು ಚುಚ್ಚುತ್ತದೆಂದು
ಚಹಾದಲ್ಲಿ ನೆನೆಸಿ ಕೊಟ್ಟೆ.
ಬೆಳಿಗ್ಗೆ ದಿಂಬಿನ ಮೇಲೆ ಸಣ್ಣದೊಂದು ಕಂದು ಕಲೆ,
ನಾನು ನೋಡುವ ಮೊದಲೇ ಅವಳು ಮಗುಚಿಡುತ್ತಿದ್ದಳು.
ಮೊದಲ ಕ್ಲಿನಿಕ್ಕಿನವನು ನನ್ನನ್ನೇ ನೋಡಿ
"ಸರಿಯಾಗಿ ಹಲ್ಲುಜ್ಜಿಸುತ್ತೀರಾ?" ಅಂದ.
ಎರಡನೆಯವನು ಹಲ್ಲು ಕೆರೆದು ಮುನ್ನೂರು ದಿರ್ಹಮ್ ಎಣಿಸಿಕೊಂಡ.
ಲಿಫ್ಟಿನ ಕನ್ನಡಿಯಲ್ಲಿ
ನಾನು ಕೆಟ್ಟ ತಾಯಿಯಂತೆಯೇ ಕಾಣುತ್ತಿದ್ದೆ.

ಎಕ್ಸ್‌ಚೇಂಜಿನವರು ಪುಕ್ಕಟೆ ಕೊಟ್ಟ ಕ್ಯಾಲೆಂಡರಿನಲ್ಲಿ
ಜ್ವರ ಬಂದ ತಾರೀಖಿನ ಮೇಲೆ
ಹಣೆಯ ಬೊಟ್ಟು ಕಿತ್ತು ಅಂಟಿಸುತ್ತಿದ್ದೆ.
ಪೆನ್ನು ಸಿಗದ ಒಂದು ರಾತ್ರಿ ಶುರುವಾದ ಅಭ್ಯಾಸ.

ಆಮೇಲೆ ಕಂಪೆನಿ ಪಾಳಿ ಬದಲಿಸಿತು.
ಇಪ್ಪತ್ತೆಂಟು ಅಲ್ಲಿ, ಇಪ್ಪತ್ತೆಂಟು ಇಲ್ಲಿ.
ಅಪ್ಪ ಇನ್ನೂ ಕಡಲಲ್ಲಿರುವಾಗಲೇ ಒಸಡು ಕೆಂಪಾಯಿತು.
ಯಾರೂ ಹೋಗಿರಲಿಲ್ಲ,
ಯಾರೂ ಬಂದಿರಲಿಲ್ಲ.
ಬೊಟ್ಟುಗಳ ನಡುವಿನ ಮನೆಗಳನ್ನು ಬೆರಳಿಟ್ಟು ಎಣಿಸಿದೆ.
ಮತ್ತೆ ಎಣಿಸಿದೆ.
ಜ್ವರಕ್ಕೆ ಕಂಪೆನಿಯ ಸುತ್ತೋಲೆ ತಲುಪಿರಲಿಲ್ಲ.

ಆ ಕ್ಯಾಲೆಂಡರನ್ನೇ ಮೊಳೆಯಿಂದ ಇಳಿಸಿ, ಸುರುಳಿ ಸುತ್ತಿ
ಶಾಬಿಯಾದ ಸುಡಾನಿ ಡಾಕ್ಟರಮ್ಮ ವಿದಾದರ
ಮೇಜಿನ ಮೇಲೆ ಹರವಿದೆ.
ಅವರು ಬಾಯಿಗೆ ಹಿಡಿದಿದ್ದ ದೀಪ ಆರಿಸಿ
ಬೊಟ್ಟಿನಿಂದ ಬೊಟ್ಟಿಗೆ ಬೆರಳು ಓಡಿಸಿದರು.
"ಇದು ಹಲ್ಲಿನ ತಪ್ಪಲ್ಲ. ನಿನ್ನದೂ ಅಲ್ಲ.
ಒಸಡು ರಕ್ತದ ಮೇಲೆ ಚಾಡಿ ಹೇಳುತ್ತಿದೆ."

ಆರು ವಾರ, ವಾರಕ್ಕೆರಡು ಸಲ ಸೂಜಿ.
ಬಿಳಿಕಣಗಳಲ್ಲಿ ಒಂದು ಪಂಗಡವಂತೆ, ಕಾವಲಿನದು.
ಮೂರು ವಾರಕ್ಕೊಮ್ಮೆ ಮಾಯ;
ನಾಲ್ಕೈದು ದಿನ ಬಾಗಿಲು ಹಾರು ಹೊಡೆದಿರುತ್ತದೆ.
"ನಮ್ಮ ಬಿಲ್ಡಿಂಗಿನ ನಾತೂರ್ ಥರ?" ಎಂದಳು ಮೇದಿನಿ.
"ಅವನೂ ರಜೆ ಹೋಗ್ತಾನೆ.
ಆದ್ರೆ ಹೇಳಿ ಹೋಗ್ತಾನೆ."

ಈಗ ಫ್ರಿಜ್ಜಿನಲ್ಲಿ ಲಬನ್ ಪಕ್ಕ ಇಂಜೆಕ್ಷನ್ನಿನ ಡಬ್ಬಿ.
ತೊಡೆಗೆ ಚುಚ್ಚುವುದನ್ನು ನಾನೇ ಕಲಿತೆ.
ಬೊಟ್ಟು ಅಂಟಿಸುವುದು ಪೂರಾ ನಿಂತಿಲ್ಲ,
ಸಾಸಿವೆಯಷ್ಟು ಚಿಕ್ಕದು ಸಾಕಾಗುತ್ತದೆ.

ನಿನ್ನೆ ಅವರು ಹೊರಟರು.
ಬ್ಯಾಗಿನ ಜಿಪ್ಪು ಎಳೆದ ಸದ್ದಿಗೆ
ನನ್ನ ಕೈ ತಾನಾಗಿ ಅವಳ ತುಟಿ ಎತ್ತಿ ನೋಡಿತು.
ಗುಲಾಬಿ.
ಕಣ್ಣಲ್ಲಿ ಮಾತ್ರ ದಳದಳ ನೀರು.

ಈ ಸಲ ಹಂಬಲವೇ, ಝುಲೇಖಾತ್ತೆ.